ಗಿರಿಯಮ್ಮ ಕೇಳಿಸಿಕೊಂಡ ಕತೆ

ಎಪ್ಪತ್ತೆಂಟರ ಬೇಸಿಗೆ. ಮೂಡಲಗಿರಿಯಪ್ಪನ ತಾಯಿ ಗಿರಿಯಮ್ಮ ತೀರಿಕೊಂಡು ಎರಡು ವಾರವಾಗಿತ್ತು. ಅವನು ಮಧುಗಿರಿಯ ನಮ್ಮ ಅಂಗಡಿಗೆ ಬಂದು ಅಕ್ಕಿಮೂಟೆಯ ಮೇಲೆ ಕೂತ.

"ರೇಣುಕಯ್ಯ, ಪಾದ್ರಿಗಳತ್ರ ಒಂದ್ಮಾತು ಕೇಳ್ಬೇಕು. ನಂಜೊತೆ ಬತ್ತೀಯಾ? ಒಬ್ನೇ ಕೇಳಾಕೆ ಭಯ ಆಯ್ತದೆ."

ನಾವಿಬ್ಬರೂ ತುಮಕೂರಿನಲ್ಲಿ ಒಟ್ಟಿಗೆ ಬಿ.ಎ. ಓದಿದವರು. ಬಿ.ಎ. ಅಂದರೆ ಬೇಳೆ ಅಳೆಯುವವನು ಎಂದುಕೊಂಡು ನಾನು ಅಪ್ಪನ ಅಂಗಡಿ ಸೇರಿದೆ. ಅವನು ಹಾಸ್ಟೆಲಿನಲ್ಲಿದ್ದಾಗಲೇ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತನಾಗಿದ್ದ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನಗೂ ಅವರ ಚರ್ಚಿಗೂ ಇದ್ದ ಸಂಬಂಧ ಒಂದೇ: ಮಂಗಳೂರಿನಿಂದ ಬಂದಿದ್ದ ಪಾದ್ರಿಗಳ ದನಿಯನ್ನು ನಾನು ಥೇಟ್ ಅವರಂತೆಯೇ ಅನುಕರಿಸುತ್ತಿದ್ದೆ. ನನ್ನ 'ಉಂಟು ಮಾರಾಯ' ಕೇಳಿ ಅವರ ಅಡಿಗೆಯವನೇ ಒಮ್ಮೆ ಕಾಫಿ ಹಿಡಿದು ಓಡಿಬಂದಿದ್ದ.

ಮೂಡಲಗಿರಿಯಪ್ಪನದು ಕಳ್ಳಂಬೆಳ್ಳದ ಹತ್ತಿರದ ಗೊಲ್ಲರಹಟ್ಟಿ. ಕ್ರೈಸ್ತನಾದ ಮೇಲೆ ಹಿರಿಯರು ಅವನನ್ನು ಹಟ್ಟಿಯ ಮುಳ್ಳುಬೇಲಿ ದಾಟಲು ಬಿಡಲಿಲ್ಲ. ಆದರೂ ಪ್ರತಿ ಭಾನುವಾರ ಮಧುಗಿರಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದ. ಬೇಲಿಯ ಹೊರಗೆ ಅವನು, ಒಳಗೆ ಅವನವ್ವ. ಮುಳ್ಳಿನ ಸಂದಿಯಲ್ಲಿ ಎಲೆಅಡಿಕೆ ದಾಟಿಸಿ, ಯೇಸುವಿನ ಕತೆ ಹೇಳುತ್ತಿದ್ದ. ಹಟ್ಟಿಯಲ್ಲಿ ತಮ್ಮ ದೇವರು ಜುಂಜಪ್ಪನ ಕತೆ ಹಾಡುವಾಗ ಒಬ್ಬರು ಹ್ಞೂಗುಟ್ಟುತ್ತಲೇ ಇರಬೇಕು. ನಿಲ್ಲಿಸಿದರೆ ಹೇಳುವವನಿಗೆ ಅವಮಾನ. ಆ ಮರ್ಯಾದೆಯನ್ನೇ ಗಿರಿಯಮ್ಮ ಮಗನಿಗೂ ಕೊಟ್ಟಳು. ಆರು ವರ್ಷ.

ಪಾದ್ರಿಗಳು ಜಗಲಿಯಲ್ಲಿದ್ದರು. ಮೂಡಲಗಿರಿಯಪ್ಪ ಕೂರಲಿಲ್ಲ.

"ಅಯ್ಯನವರೇ, ನಮ್ಮವ್ವ ಈಗ ಎಲ್ಲವ್ಳೆ?"

ಅವರು ಕನ್ನಡಕ ತೆಗೆದರು. "ಹಿಂದಿನವರಾದ್ರೆ ಒಂದೇ ಮಾತಲ್ಲಿ ನರಕ ಅಂತಿದ್ರು ಮಾರಾಯ. ನಾನು ಹಾಗೆ ಹೇಳುವವನಲ್ಲ. ಬೇರೆ ಧರ್ಮದಲ್ಲಿ ಹುಟ್ಟಿ, ಕ್ರಿಸ್ತನ ವಿಷಯ ಕೇಳದೆಯೇ ಸತ್ತವರು ಇದ್ದಾರಲ್ಲ, ಅವರನ್ನು ದೇವರು ಅವರ ಮನಸ್ಸಾಕ್ಷಿ ನೋಡಿ ತೀರ್ಪು ಮಾಡ್ತಾನೆ. ಅವರಿಗೂ ಬಾಗಿಲು ಉಂಟು."

"ನಮ್ಮವ್ವ ಬಾಯಾರಿ ಬಂದೋರ್ಗೆ ಮಜ್ಜಿಗೆ ಇಲ್ಲ ಅಂದೋಳಲ್ಲ."

"ಮತ್ತೆ? ಧೈರ್ಯ ತಗೋ. ಬೇಲಿಯ ಒಳಗೇ ಇದ್ದ ಹೆಂಗಸು. ಅವರಿಗೆ ಯಾರು ಹೇಳಿರ್ತಾರೆ?"

ಸುಮ್ಮನಿರಲಿ ಎಂದು ನಾನು ಅವನ ಕಾಲು ತುಳಿದೆ.

"ನಾನೇ ಹೇಳ್ದೆ," ಅಂದ.

ಪಾದ್ರಿಗಳು ಕೆಮ್ಮಿದರು. "ವಯಸ್ಸಾದವರು. ಸರಿಯಾಗಿ ಕಿವಿಗೆ ಬಿದ್ದಿರಲಿಕ್ಕಿಲ್ಲ."

ಒಂದು ಸುಳ್ಳು ಸಾಕಿತ್ತು. ಅದನ್ನು ಅವರೇ ಮುಂದಿಟ್ಟಿದ್ದರು.

"ಬಿತ್ತು ಅಯ್ಯನವರೇ. ಒಂದ್ಸಲನೂ ಹ್ಞೂಗುಟ್ಟೋದು ಬುಡ್ಲಿಲ್ಲ. ಕುರಿ ಕಾಯೋನು ತಪ್ಪಿಸ್ಕೊಂಡ ಒಂದು ಕುರಿ ಹುಡುಕ್ಕೊಂಡು, ತೊಂಬತ್ತೊಂಬತ್ತ ಅಲ್ಲೇ ಬುಟ್ಟು ಹೋದ ಅಂದಾಗ, 'ಲೇ ಗಿರಿಯ, ಉಳಿದೋವ್ನ ಯಾರ್ ವಶಕ್ಕೆ ಕೊಟ್ಟೋದ್ನಲಾ? ತೋಳ ಬಂದ್ರೆ?' ಅಂದ್ಳು."

ಪಾದ್ರಿಗಳು ನಕ್ಕರು. ನಾನೂ ನಕ್ಕೆ. ಇಷ್ಟು ಚೆನ್ನಾಗಿ ಕೇಳಿಸಿಕೊಂಡವಳನ್ನು ಕೇಳದವಳು ಅನ್ನುವುದು ಹೇಗೆ? ಅವರ ನಗೆ ನಿಂತಿತು.

"ನಂಬು ಅಂತ ಕರೆದೆಯಾ?"

"ಕರ್ದೆ. 'ಕತೆ ಚೆಂದಾಗೈತೆ ಕಣಪ್ಪ, ನಂಗೆ ಜುಂಜಪ್ಪನೇ ಸಾಕು' ಅಂದ್ಳು."

ಪಾದ್ರಿಗಳು ಕನ್ನಡಕ ಹಾಕಿಕೊಂಡರು. "ಕೇಳಿಯೂ ಬೇಡ ಅಂದವರ ವಿಷಯ... ಅಲ್ಲಿ ನಾನು ಮಾತು ಕೊಡಲಿಕ್ಕೆ ಆಗುವುದಿಲ್ಲ ಮಾರಾಯ. ಪ್ರಾರ್ಥನೆ ಮಾಡುವ." ಪ್ರಾಮಾಣಿಕ ಮನುಷ್ಯ. ಆವತ್ತು ಇಬ್ಬರ ಪ್ರಾಮಾಣಿಕತೆಯನ್ನೂ ನಾನು ಮನಸ್ಸಿನಲ್ಲೇ ಬೈದೆ.

ಬೆಟ್ಟದ ಬುಡದ ರಸ್ತೆಯಲ್ಲಿ ಅವನು ಚಪ್ಪಲಿ ಎಳೆದುಕೊಂಡು ನಡೆಯುತ್ತಿದ್ದ.

"ವಾರ್ವಾರ ಬಸ್ ಹತ್ಕೊಂಡು ಹೋಗಿ, ನಾನೇ ಬಾಗ್ಲು ಮುಚ್ಚಿ ಬಂದೆ."

"ಅಂಗಾದ್ರೆ ನಿನ್ನ ಬಾಯಲ್ಲಿ ಆ ಕತೆ ನಾನೂ ಕೇಳಿದೀನಲ್ಲಯ್ಯ," ಅಂದೆ. "ನನ್ನ ಗತಿ?"

ತಮಾಷೆಗೆ ಕೇಳಿದ್ದು. ಅವನು ನನ್ನ ಮುಖ ನೋಡಿ, ಕಣ್ಣು ತಗ್ಗಿಸಿಕೊಂಡ. ಅಷ್ಟು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದರೂ ನಮ್ಮ ನಡುವೆಯೂ ಬೇಲಿ ಇತ್ತೆಂಬುದು ಆಗ ನನಗೆ ಕಂಡಿತು.

ಬಸ್ ಸ್ಟ್ಯಾಂಡಿನ ಹತ್ತಿರ ನಿಂತ. "ಅಯ್ಯನವರ ದನಿ ತೆಗಿಯಯ್ಯ. ನಮ್ಮವ್ವಂಗೆ ಬಾಗ್ಲೈತೆ ಅಂತ ಒಂದ್ಸಲ ಅನ್ನು."

ಆ ದನಿ ತೆಗೆಯಲು ನನಗೆ ಎಂದೂ ಇಷ್ಟು ಕಷ್ಟವಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಕೊನೆಯ ಅಕ್ಷರವನ್ನು ಅವರ ಹಾಗೆಯೇ ಎಳೆದೆ.

"ನಿನ್ನ ತಾಯಿಗೂ ಬಾಗಿಲು ಉಂಟು, ಮಾರಾಯ."

ಅವನು ಕಣ್ಣು ಮುಚ್ಚಿ ಕೇಳಿದ.

"ಹ್ಞೂ," ಅಂದ.

ಇನ್ನೊಮ್ಮೆ ಹೇಳಿದೆ. ಮತ್ತೆ "ಹ್ಞೂ" ಅಂದ. ಹೇಳುವವನಿಗೆ ಅವಮಾನವಾಗಬಾರದಲ್ಲ, ಅದಕ್ಕೆ.

ಕಳ್ಳಂಬೆಳ್ಳದ ಬಸ್ಸು ಬಂದು ನಿಂತು ಹೋಯಿತು. ಅವನು ಹತ್ತಲಿಲ್ಲ.