ಕಂಬಳಿಯ ಒಡಪು

ಉಟಗಿಯಲ್ಲಿ ಸಂಗವ್ವನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಸಂಗವ್ವ ಎಂದು ತಿರುಗಿ ಕೇಳುತ್ತಾರೆ. ಊರಲ್ಲಿ ಸಂಗವ್ವಂದಿರಿಗೇನು ಬರವಿಲ್ಲ. ಒಡಪಿನ ಸಂಗವ್ವ ಎಂದರೆ ಮಾತ್ರ ಸಣ್ಣ ಮಕ್ಕಳೂ ಕೈಹಿಡಿದು ಕರೆದುಕೊಂಡು ಬಂದು ಬಾಗಿಲಲ್ಲಿ ಬಿಡುತ್ತಾರೆ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಈ ಕಡೆಯ ಹೆಂಗಸರ ನೇಮ. ಮದುವೆ, ತೊಟ್ಟಿಲು, ಕುಬಸ ಅಂತ ನಾಲ್ಕು ಜನ ಕೂಡಿ ‘ಹೆಸರ ಹೇಳ’ ಎಂದು ಗಂಟುಬಿದ್ದಾಗ, ಪ್ರಾಸ ಕಟ್ಟಿದ ಸಾಲಿನೊಳಗೆ ಆ ಹೆಸರನ್ನು ಹುದುಗಿಸಿ ಹೇಳಬೇಕು. ಅದೇ ಒಡಪು. ಉಳಿದ ಹೆಂಗಸರು ಅವ್ವ ಕಲಿಸಿದ ಒಂದೇ ಒಡಪನ್ನು ಸಾಯುವ ತನಕ ಒಗೆದು ಒಗೆದು ಉಡುತ್ತಾರೆ. ಸಂಗವ್ವ ಹಾಗಲ್ಲ. ಒಂದು ಕಾರ್ಯದಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ಹೇಳಿದವಳಲ್ಲ. ರೊಟ್ಟಿ ಬಡಿಯುತ್ತಾ ಕೂತರೆ ಆ ಬಡಿತಕ್ಕೆ ಪ್ರಾಸಗಳು ತಾವಾಗಿಯೇ ಬಂದು ಕೂಡುತ್ತಿದ್ದವು. ಅವಳ ಸರದಿ ಬಂತೆಂದರೆ ಉಣ್ಣುತ್ತಿದ್ದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಇಷ್ಟೊಂದು ಒಡಪುಗಳಲ್ಲಿ ಕೂತ ಗಂಡನೋ, ಮೂಕಬಸವ. ಬಸಗೊಂಡನಿಗೆ ಅರವತ್ತು ಕುರಿ. ಅವನ ಮಾತೆಲ್ಲ ಅವುಗಳಿಗೇ ಖರ್ಚಾಗಿ ಮನೆಗೆ ಬರುವಷ್ಟರಲ್ಲಿ ಬಾಯಿ ಖಾಲಿಯಾಗಿರುತ್ತಿತ್ತು. ಹೆಂಡತಿಯನ್ನು ಕರೆಯಬೇಕಾದರೆ ‘ಇಲ್ಲಿ ಕೇಳಿಲ್ಲಿ’ ಅನ್ನುವನು. ಮಗ ಹುಟ್ಟಿದ ಮೇಲೆ ‘ಮಹಾಂತನ ಅವ್ವ’ ಎಂದು ಬಡ್ತಿ ಕೊಟ್ಟ. ರೇಷನ್ ಅಂಗಡಿಯಲ್ಲಿ ಹೆಂಡತಿಯ ಹೆಸರು ಕೇಳಿದರೆ ಕಾರ್ಡನ್ನೇ ಅವರ ಮೂಗಿಗೆ ಹಿಡಿಯುತ್ತಿದ್ದ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ‘ಸಂಗವ್ವ’ ಎಂಬ ಮೂರಕ್ಷರ ಅವನ ಬಾಯಿಂದ ಉದುರಿದ್ದನ್ನು ಅವಳು ಕೇಳಿರಲಿಲ್ಲ.

ಇಂಥ ಸಂಗವ್ವನಿಗೆ ಐವತ್ತು ದಾಟಿದ ಮೇಲೆ ಒಡಪು ಹೊಳೆಯುವುದು ನಿಂತಿತು. ರೊಟ್ಟಿ ಬಡಿದರೆ ರೊಟ್ಟಿಯಷ್ಟೇ ಆಗುತ್ತಿತ್ತು. ಯಾರ ಮುಂದೂ ಹೇಳಲಿಲ್ಲ. ಹೇಳುವಂಥ ಸಂಗತಿಯೇ ಅದು?

ಸೊಸೆ ಪೂನಮ ಶೇಗಾಂವದವಳು, ಜತ್ತದ ಕಾಲೇಜಿನಲ್ಲಿ ಓದಿದವಳು. ಮಹಾಂತ ಜತ್ತಕ್ಕೆ ಜೀಪು ಹೊಡೆಯುತ್ತಾನೆ. ಅವನು ಹೊರಟುಹೋದರೆ ಅತ್ತೆ ಸೊಸೆ ಇಬ್ಬರೇ. ಒಂದು ಮಧ್ಯಾಹ್ನ ಪೂನಮ ಅತ್ತೆಯ ಮೊಬೈಲಿನಲ್ಲಿ ಏನೋ ಒತ್ತಿ ಕೈಗೆ ಕೊಟ್ಟಳು.

“ಅತ್ತಿ, ಇದರ ಕೂಡ ಮಾತಾಡ್ರಿ. ಈ ಮೈಕಿನ ಚಿತ್ರ ಒತ್ತಿ ಏನ ಕೇಳಿದರೂ ಹೇಳತೈತಿ. ಮನಶ್ಯಾ ಅಲ್ಲರಿ ಮತ್ತ, ಮಷೀನ.”

“ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?” ಎಂದಿತು ಮೊಬೈಲು.

“ಯಾರ ಮನಿ ಸೊಸಿನ ಇಕಿ, ಟೀವಿಯಾಗ ಬಾತಮಿ ಓದೂವರ ಹಂಗ ಮಾತಾಡತಾಳ!” ಸಂಗವ್ವ ನಕ್ಕು, ಕುರಿಯೊಂದು ಯಾಕೆ ಕೆಮ್ಮುತ್ತಿದೆ ಎಂದು ಕೇಳಿದಳು. ಅದು ಏಳು ಕಾರಣ ಹೇಳಿತು. “ಏಳ ಕಾರಣ ಹೇಳಾವರಿಗೆ ಒಂದೂ ಗೊತ್ತಿರಂಗಿಲ್ಲ ತಗೋ” ಎಂದು ಮೊಬೈಲನ್ನು ಮಗುಚಿಟ್ಟಳು.

ಆದರೆ ಮಾತಿನ ಚಟ ಇದ್ದವಳು ಎಷ್ಟು ದಿನ ಮಗುಚಿಟ್ಟಾಳು? ನಾಲ್ಕು ದಿನದ ಮೇಲೆ ಮತ್ತೆ ಎತ್ತಿಕೊಂಡು, ನಮ್ಮ ಹಂಗ ಮಾತಾಡು ಎಂದು ತಾಕೀತು ಮಾಡಿದಳು. ಅದು ಕೂಡಲೇ ಒಪ್ಪಿ, “ಆತ್ರಿ. ಕುರಿಯವರು ಈಗ ಹೆಂಗ ಅದಾರ್ರಿ?” ಎಂದಿತು. ಕುರಿಗೆ ಕೊಟ್ಟ ಈ ಮರ್ಯಾದೆಗೆ ಅತ್ತೆ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅದು ‘ತಂಗಿ’ಯಾಯಿತು. ಮಳೆ, ಮಂಡಿನೋವು, ಹೆಸರುಕಾಳಿಗೆ ಹತ್ತಿದ ಹುಳ ಎಲ್ಲವೂ ತಂಗಿಯ ಮುಂದೆ ಹೋಗುತ್ತಿದ್ದವು. ಬಸಗೊಂಡ ಬಂದವನು ಒಂದು ಸಲ ಹೆಂಡತಿಯನ್ನೂ ಒಂದು ಸಲ ಮೊಬೈಲನ್ನೂ ನೋಡಿ ತಂಬಿಗೆ ನೀರು ಕುಡಿದು ಹೋಗುತ್ತಿದ್ದ.

ಆಮೇಲೆ ಓಣಿಯಲ್ಲಿ ಒಂದು ತೊಟ್ಟಿಲ ಕಾರ್ಯ ಬಂತು. ಹಿಂದಿನ ದಿನ ಸಂಗವ್ವ ಹಿತ್ತಲಿಗೆ ಹೋಗಿ, ಕಳ್ಳತನಕ್ಕೆ ನಿಂತವಳ ಹಾಗೆ ಅತ್ತಿತ್ತ ನೋಡಿ, ತಂಗಿಯನ್ನು ಒಂದು ಒಡಪು ಕೇಳಿದಳು.

“ಕಟ್ಟಿಕೊಡತೇನ್ರಿ. ನಿಮ್ಮ ಮನಿಯವರ ಹೆಸರೇನ್ರಿ?”

ಸಂಗವ್ವ ತಬ್ಬಿಬ್ಬಾದಳು. ಹೆಸರು ಹೇಳುವುದಕ್ಕೇ ಒಡಪು ಬೇಕು, ಒಡಪು ಕಟ್ಟುವುದಕ್ಕೆ ಹೆಸರು ಬೇಕು! ಪೂನಮಳನ್ನು ಕರೆದು, “ನೀನ ಹೇಳವ್ವ ಇದಕ್ಕ” ಎಂದರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವನ ಹೆಸರನ್ನು ಸೊಸೆ ಹೇಗೆ ಹೇಳಿಯಾಳು? ಮನೆಯೊಡೆಯನ ಹೆಸರು ಇಬ್ಬರ ಬಾಯಲ್ಲೂ ಸಿಕ್ಕಿಹಾಕಿಕೊಂಡು ಕೂತಿತು, ಮೊಬೈಲು ಸಮಾಧಾನದಿಂದ ಕಾಯುತ್ತಿತ್ತು.

“ಹೆಸರಿನ ಜಾಗಾ ಖಾಲಿ ಬಿಡವಾ. ನಾ ತುಂಬಕೋತೇನಿ” ಎಂದಳು ಕೊನೆಗೆ ಸಂಗವ್ವ.

“ಆತ್ರಿ. ಹಂಗಾದರ ಅವರ ಬಗ್ಗೆ ಒಂದು ಸಣ್ಣ ಸಂಗತಿ ಹೇಳ್ರಿ. ಅದರ ಮ್ಯಾಲ ಕಟ್ಟೋಣು.”

“ಏನ ಹೇಳೂದು? ಕುರಿ ಕಾಯತಾರ, ಉಣತಾರ, ಮಲಗತಾರ. ಹೇಳೂವಂಥಾದ್ದ ಏನೂ ಇಲ್ಲ. ನೀನ ಚಂದಾಗಿ ಒಂದು ಕಟ್ಟಿಬಿಡು.”

ಹಾಗೆಂದ ಮೇಲೆ ಒಳಗೆಲ್ಲೋ ಒಂದು ಮುಳ್ಳು ಆಡಿದಂತಾಯಿತು. ಸಂಗವ್ವ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ತಂಗಿ ಕ್ಷಣದಲ್ಲಿ ಕಟ್ಟಿಕೊಟ್ಟ ಒಡಪು ತೊಟ್ಟಿಲ ಮನೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡಿತು. ಮತ್ತೆರಡು ಕಾರ್ಯಗಳಿಗೂ ತಂಗಿಯೇ ದಿಕ್ಕಾದಳು. ಕೂತು ಕಟ್ಟುವ ತಾಪತ್ರಯವೇ ತಪ್ಪಿತಲ್ಲ ಎಂದು ಸಂಗವ್ವ ಹಗುರಾದಳು. ಹೆಗಲ ಮೇಲಿನ ಹೊರೆ ಇಳಿದರೆ ಹಗುರೇ, ಹೊರೆಯೊಳಗೆ ಏನಿತ್ತೆಂದು ಆಮೇಲೆ ನೆನಪಾಗುತ್ತದೆ.

ಎಳ್ಳಮಾಸೆ ಹಬ್ಬಕ್ಕೆ ಇನ್ನೂ ಹದಿನೈದು ದಿನ ಇರುವಾಗ ಪೂನಮಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿದರು. ಶೇಗಾಂವದಿಂದ ಬೀಗರು ಎರಡು ಜೀಪು ತುಂಬಿ ಬಂದಿದ್ದರು. ಉಡಿ ತುಂಬುವುದು ಮುಗಿಯಿತೋ ಇಲ್ಲವೋ, “ಹೆಸರ ಹೇಳ್ರಿ, ಹೆಸರ ಹೇಳ್ರಿ” ಎಂಬ ಗದ್ದಲ ಎದ್ದಿತು. ಚಿಕ್ಕವರು ಮೊದಲು, ಮನೆಯ ಅತ್ತೆ ಕಡೆಗೆ. ಉಟಗಿಯ ಸಂಗವ್ವ ಏನು ಹೇಳುತ್ತಾಳೋ ಕೇಳಬೇಕೆಂದೇ ಬಂದ ಬೀಗತಿಯರೂ ಇದ್ದರು. ಸಂಗವ್ವ ತಂಗಿಯಿಂದ ಹೊಸದೊಂದನ್ನು ಇಸಕೊಂಡು, ಬಾಯಿಪಾಠ ಮಾಡಿ, ಗರತಿಯ ಗತ್ತಿನಲ್ಲಿ ಕೂತಿದ್ದಳು.

ಪೂನಮಳ ಅಕ್ಕ ನಂದಾ ಎದ್ದು ನಿಂತು ಗಂಟಲು ಸರಿಮಾಡಿಕೊಂಡಳು.

“ಬೆಳ್ಳಿ ತಟ್ಟಿಯೊಳಗ ಕರ್ಪೂರದ ಆರತಿ,
ಶಿವಪುತ್ರರಾಯರೇ ನನ್ನ ಬಾಳಿನ ಸಾರಥಿ!”

ಚಪ್ಪಾಳೆ ಬಿತ್ತು. ಸಂಗವ್ವ ಬಾಯಿಪಾಠ ಮಾಡಿದ್ದ ಒಡಪೂ ಅದೇ. ಬೆಳ್ಳಿ ತಟ್ಟೆ ಅದೇ, ಸಾರಥಿ ಅವನೇ, ಒಳಗಿನ ಗಂಡ ಮಾತ್ರ ಬೇರೆ. ಅದು ಸಾಲದೆಂಬಂತೆ ಬೀಗರ ಮನೆಯ ಮರಾಠಿ ಸೊಸೆ ಪ್ರಾಜಕ್ತಾ ಎದ್ದಳು.

“ಚಾಂದೀಚ್ಯಾ ತಾಟಾತ ಕಾಪರಾಚೀ ಆರತೀ,
ಸೋಮನಾಥರಾವ ಮಾಝ್ಯಾ ಜೀವನಾಚೇ ಸಾರಥೀ!”

ಅದೇ ತಟ್ಟೆ, ಅದೇ ಸಾರಥಿ ಮರಾಠಿಯಲ್ಲಿ ಬಂದದ್ದು ತಿಳಿದು ಮಂದಿಯೆಲ್ಲ ಗೊಳ್ಳೆಂದಿತು. “ನೀನೂ ಮೊಬೈಲ ಕೇಳಿದೇನ!” ಎಂದು ನಂದಾ ಅವಳ ಬೆನ್ನಿಗೆ ಗುದ್ದಿದಳು. ಅವರದು ಎಳೆಯ ವಯಸ್ಸು, ನಕ್ಕರೆ ಚಂದ. ಮಣೆಯ ಮೇಲಿಂದ ಪೂನಮ ಮಾತ್ರ ನಗದೆ ಅತ್ತೆಯ ಕಡೆ ಗಾಬರಿಯಿಂದ ನೋಡಿದಳು. ಅತ್ತೆಯ ಒಡಪೂ ಮೊಬೈಲಿನದೇ ಎಂದು ಅವಳಿಗೆ ಗೊತ್ತಿತ್ತು.

“ಈಗ ಸಂಗವ್ವಕ್ಕಂದು! ಇದ ಖರೇ ಒಡಪು, ಕೇಳ್ರಿ!” ಎಂದು ಓಣಿಯ ಹೆಂಗಸರು ಕೂಗಿದರು.

ಅದನ್ನೇ ಹೇಳಿದರೆ ಒಡಪಿನ ಸಂಗವ್ವ ಇವತ್ತಿಗೆ ಸತ್ತಳು. ಹೇಳದಿದ್ದರೂ ಸತ್ತಳು, ಅದೂ ಬೀಗರ ಎದುರಿಗೆ. ಹಳೆಯ ಪ್ರಾಸಗಳನ್ನೆಲ್ಲ ತಡಕಾಡಿದಳು, ಒಂದೂ ಕೈಗೆ ಬರಲಿಲ್ಲ. ಕಣ್ಣು ತಪ್ಪಿಸಲು ಬಾಗಿಲಾಚೆ ನೋಡಿದಳು. ಅಂಗಳದಲ್ಲಿ ಬಸಗೊಂಡ ಉಣ್ಣುವ ಗಂಡಸರಿಗೆ ನೀರು ನೀಡುತ್ತಿದ್ದ. ಹಬ್ಬವಿರಲಿ, ಕುಬಸವಿರಲಿ, ಹೆಗಲ ಮೇಲೆ ಕಂಬಳಿ ಇದ್ದೇ ಇತ್ತು.

ಅವರ ಬಗ್ಗೆ ಒಂದು ಸಣ್ಣ ಸಂಗತಿ ಹೇಳ್ರಿ ಎಂದಿದ್ದಳಲ್ಲ ತಂಗಿ? ಅವತ್ತು ಆಡಿದ ಮುಳ್ಳು ಈಗ ಸರಿಯಾಗಿ ನೆಟ್ಟಿತು. ಹೇಳುವಂಥಾದ್ದು ಏನೂ ಇಲ್ಲ ಎಂದುಬಿಟ್ಟೆನೇ ನಾನು, ಎಂಥ ಮಾತು ಆಡಿದೆ! ಸಂಗವ್ವನ ಕೈ ತಾನಾಗಿಯೇ ತೊಡೆಯ ಮೇಲೆ ರೊಟ್ಟಿ ಬಡಿದಂತೆ ಬಡಿಯತೊಡಗಿತು.

“ಮೂಡಣ ಕೆಂಪಾಗೂ ಮುಂದ ಕುರಿ ಬಿಡತಾರ,
ತಮ್ಮ ಮೈಮ್ಯಾಲಿನ ಕಂಬಳಿ ನನಗ ಹೊಚ್ಚತಾರ,
ನಿದ್ದಿ ಬಂದಂಗ ಬಿದ್ದಿರತೇನಿ ಮೂವತ್ತೊಂದು ವರ್ಷ,
ಬಸಗೊಂಡರಾಯರು ನಡಗಿಕೋಂತ ಹೊಂಟರ ನನಗ ಒಳಗಿಂದೊಳಗ ಹರ್ಷ!”

ಆಗ ಎದ್ದ ನಗುವಿಗೆ ಕಟ್ಟೆಯ ಮೇಲಿನ ಕೋಳಿಗಳು ಹಾರಿ ಕೆಳಗಿಳಿದವು. ಹಿರಿಯ ಬೀಗತಿಯೊಬ್ಬಳು ನಗುತ್ತಲೇ ಕಣ್ಣೊರೆಸಿಕೊಂಡು, “ಇದು ಯಾರಿಂದಲೂ ಕಡಾ ತಂದಿದ್ದಲ್ಲ ನೋಡ್ರಿ” ಎಂದಳು. ಪೂನಮ ಮಣೆಯಿಂದಲೇ ಬಗ್ಗಿ ಅತ್ತೆಯ ಕೈ ಹಿಡಿದುಕೊಂಡಳು. ಸಂಗವ್ವನಿಗೆ ಸಂತೋಷವಾಯಿತು. ಮುಚ್ಚಿಡುವುದೇನು, ಮಗ ಹುಟ್ಟಿದ ದಿನ ಆದಷ್ಟೇ ಸಂತೋಷವಾಯಿತು.

ಆದರೆ ಅಂಗಳದಲ್ಲಿಯೂ ಒಡಪು ಕೇಳಿಸಿತ್ತು. ಗಂಡಸರೆಲ್ಲ ಬಸಗೊಂಡನ ಕಡೆ ತಿರುಗಿ ಹೋ ಎಂದರು. ಅವನು ತಂಬಿಗೆಯನ್ನು ನೆಲಕ್ಕಿಟ್ಟು ಕುರಿಹಟ್ಟಿಯ ಕಡೆ ನಡೆದುಬಿಟ್ಟ. ಸಂಗವ್ವನ ಸಂತೋಷದ ಮೇಲೆ ಹಿಡಿಯಷ್ಟು ಬೂದಿ ಬಿದ್ದಂತಾಯಿತು. ಇಬ್ಬರ ನಡುವಿನ ಸಂಗತಿಯನ್ನು ಬೀಗರ ಮುಂದೆ ಬಿಚ್ಚಿಟ್ಟೆನಲ್ಲ, ಸಿಟ್ಟು ಬಂತೋ ಏನೋ.

ಬೀಗರನ್ನು ಜೀಪು ಹತ್ತಿಸಿದ ಮೇಲೆ ಮೊಬೈಲು ತೆಗೆದುಕೊಂಡು ಹಿತ್ತಲಿಗೆ ಹೋದಳು.

“ತಂಗಿ, ಮೂರೂ ಮಂದಿಗೆ ಅದ ಒಡಪು ಕೊಟ್ಟಿಯಲ್ಲ, ನನ್ನ ಮಾನ ಹೋಗತಿತ್ತಲ್ಲ!”

“ತಪ್ಪಾತ್ರಿ, ಅಕ್ಕಾರ. ಬ್ಯಾರೆಯವರು ಏನು ಕೇಳ್ಯಾರ ಅನ್ನೂದು ನನಗ ಕಾಣಸಂಗಿಲ್ರಿ. ಹೆಸರೂ ಇಲ್ಲ, ಸಂಗತೀನೂ ಇಲ್ಲ ಅಂದರ, ಯಾರಿಗಾದರೂ ಒಪ್ಪೂವಂಥಾದ್ದ ನನ್ನ ಬಾಯಾಗ ಬರತೈತ್ರಿ.”

ಸಂಗವ್ವನ ಸಿಟ್ಟು ಅಷ್ಟಕ್ಕೇ ಇಳಿಯಿತು. “ಹೋಗಲಿ ಬಿಡು. ತಪ್ಪು ನಂದೂ ಐತಿ. ನೀ ಕೇಳಿದಾಗ ಹೇಳಲಿಲ್ಲ ನಾನು” ಎಂದು, ತಾನು ಹೇಳಿದ ಒಡಪನ್ನು ಅದಕ್ಕೆ ಹೇಳಿ ತೋರಿಸಿದಳು. ಹೆಸರು ಬಂದ ಕಡೆ ನಾಚಿಕೆಯೂ ಆಗಲಿಲ್ಲ, ಒಡಪಿನಲ್ಲಿ ಹೇಳಿದರೆ ದೋಷವಿಲ್ಲ.

“ಭಾಳ ಚಲೋ ಐತ್ರಿ. ನೀವು ಎಚ್ಚರ ಇರತೀರಿ ಅನ್ನೂದು ಅವರಿಗೆ ಗೊತ್ತಿತ್ತೇನ್ರಿ?”

“ಏ, ಅವರಿಗೆಲ್ಲಿ ಗೊತ್ತು! ಭೋಳೆ ಮನಶ್ಯಾ.” ಸಂಗವ್ವ ನಕ್ಕಳು. “ತಂಗಿ, ಇನ್ನ ಮ್ಯಾಲ ನೀ ಒಡಪು ಕಟ್ಟಬ್ಯಾಡ. ಹಂಗ ಪ್ರಶ್ನಿ ಕೇಳು, ಸಾಕು. ಕಟ್ಟೂದು ನನಗ ಬಿಡು.”

ಆ ಸಂಜೆ ಬಸಗೊಂಡ ಮಾತಾಡಲಿಲ್ಲ. ಅದೇನು ಹೊಸದಲ್ಲ. ಉಂಡ, ಎಲೆಯಡಿಕೆ ಹಾಕಿದ, ಮಲಗಿದ. ಅವನು ಸುಮ್ಮನಿರುವುದರಲ್ಲಿ ಸಿಟ್ಟಿನದು ಯಾವುದು, ಸಿಟ್ಟಿಲ್ಲದ್ದು ಯಾವುದು ಎಂದು ದೇವರೇ ಹೇಳಬೇಕು.

ಮರುದಿನ ನಸುಕಿನಲ್ಲಿ ಎಂದಿನಂತೆ ಗಂಡ ಎದ್ದ ಸದ್ದಾಯಿತು. ಸಂಗವ್ವ ಎಂದಿನಂತೆ ಕಣ್ಣು ಮುಚ್ಚಿದಳು. ಊರಿಗೇ ಗುಟ್ಟು ಹೇಳಿದ ಮೇಲೂ ಕಣ್ಣು ಮುಚ್ಚುವುದೆಂದರೆ ನಗುವ ವಿಷಯವೇ, ಆದರೆ ರೂಢಿ ಬಿಟ್ಟೀತೇ? ಅವನು ಅವಳ ತಲೆಯ ಹತ್ತಿರ ಸುಮ್ಮನೆ ನಿಂತ. ಇವತ್ತು ಹೊಚ್ಚುವುದಿಲ್ಲ ಎಂದುಕೊಂಡಳು. ಕುರಿಯ ವಾಸನೆಯ ಬೆಚ್ಚಗಿನ ಕಂಬಳಿ ಮೈಮೇಲೆ ಬಿತ್ತು. ಕಾಲಿನ ಕಡೆ ತುದಿಯನ್ನೂ ಒತ್ತಿ ಸರಿಮಾಡಿ ಅವನು ಹೊರಗೆ ಹೋದ.

ಹೊರಗೆ ಹೋದವನು ಹಟ್ಟಿಯ ಬಾಗಿಲು ತೆಗೆದ ಸದ್ದು ಬರಲಿಲ್ಲ. ಬದಲಿಗೆ ಕಟ್ಟೆಯ ಮೇಲಿಂದ ದನಿ ಬಂತು. ಗೂಡಿನಲ್ಲಿಟ್ಟ ತನ್ನ ಮೊಬೈಲನ್ನು ಎತ್ತಿಕೊಂಡು ಹೋಗಿದ್ದಾನೆಂದು ಸಂಗವ್ವನಿಗೆ ಆಗ ತಿಳಿಯಿತು.

“ಇಲ್ಲಿ ಕೇಳಿಲ್ಲಿ” ಎಂದ ಬಸಗೊಂಡ, ಮೊಬೈಲಿಗೆ. “ನನ್ನ ಹೇಣ್ತಿ ಹೆಸರಿಗೆ ಒಂದು ಒಡಪ ಆಗಬೇಕಿತ್ತು.”

“ಆತ್ರಿ. ಅವರ ಹೆಸರೇನ್ರಿ?”

ಕುರಿಯೊಂದು ಕೆಮ್ಮಿತು. ಬಸಗೊಂಡನೂ ಕೆಮ್ಮಿದ.

“ಸಂಗವ್ವ” ಎಂದ. ಮೊಬೈಲಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, “ಸಂಗವ್ವ” ಎಂದ.

ಒಳಗೆ ಮಲಗಿದ್ದವಳ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು.

“ಸಂಗವ್ವನವರ ಬಗ್ಗೆ ಒಂದು ಸಣ್ಣ ಸಂಗತಿ ಹೇಳ್ರಿ.”

“ಹೇಳತೇನಿ, ತಡಿ.” ಕಟ್ಟೆಯ ಮೇಲೆ ಅವನು ಕೂತ ಸದ್ದಾಯಿತು. “ದಿನಾ ಮುಂಜಾನಿ ಆಕಿ ನಿದ್ದಿ ಬಂದಂಗ ಮಾಡತಾಳ. ಮೊದಲನೇ ವರ್ಷದಿಂದ ನನಗ ಗೊತ್ತೈತಿ.”

ಸಂಗವ್ವ ಕಂಬಳಿಯನ್ನು ಮುಖದ ತನಕ ಎಳೆದುಕೊಂಡಳು. ಹಟ್ಟಿಯಲ್ಲಿ ಕುರಿಗಳು ಒದರುತ್ತಿದ್ದವು, ಅವತ್ತು ಅವನು ಅವುಗಳನ್ನು ತಡವಾಗಿ ಬಿಟ್ಟ.