ತುಂಬಾ ತೃಪ್ತಿ

ದಾವಣಗೆರೆಯ ಒಂದು ಟ್ರಸ್ಟಿನ ಮಕ್ಕಳ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದೆ. ಶಕುಂತಲಮ್ಮ ಸಿಸ್ಟರ್ ಕೈ ಹಗುರ, ಬಾಯಿ ಜೋರು ಅಂತ ಹೆಸರಿತ್ತು. ವಾರ್ಡಿನಲ್ಲಿ ಚಪ್ಪಲಿ ಹಾಕಿಕೊಂಡು ಬಂದವರನ್ನು ಬೈದು ಓಡಿಸಲು ಆ ಬಾಯಿ ಚೆನ್ನಾಗಿಯೇ ಬರುತ್ತಿತ್ತು. ಬರಬೇಕಾದ ದಿನ ಬರಲಿಲ್ಲ, ಅಷ್ಟೇ.

೧೯೯೯ರಲ್ಲಿ ನಮ್ಮಲ್ಲಿಗೆ ಟೆಲಿಮೆಡಿಸಿನ್ ಬಂತು. ಒಂದು ದೊಡ್ಡ ಟಿವಿ, ಅದರ ಮೇಲೆ ಕ್ಯಾಮೆರಾ, ಬೆಂಗಳೂರಿನವರೆಗೆ ಫೋನ್ ಲೈನು. ಪ್ರತಿ ಸೋಮವಾರ ಬೆಂಗಳೂರಿನ ಹೃದಯದ ಡಾಕ್ಟರು ಟಿವಿಯಲ್ಲೇ ನಮ್ಮ ಮಕ್ಕಳನ್ನು ನೋಡುವರು. ಒಂದು ಮಗುವಿಗೆ ಹದಿನೈದು ನಿಮಿಷ. ಮುಗಿದ ಕೂಡಲೇ ಫಾರಂ ತುಂಬಿಸಬೇಕು, ಮನೆಯವರದೊಂದು, ಡಾಕ್ಟರದೊಂದು. ನೋಡಿದ್ದು ನಿಮಗೆ ತುಂಬಾ ತೃಪ್ತಿಯೋ, ತೃಪ್ತಿಯೋ, ಪರವಾಗಿಲ್ಲವೋ, ಅತೃಪ್ತಿಯೋ? ಹೋಟೆಲಿನವರು ಇಡ್ಲಿ ಹೇಗಿತ್ತು ಅಂತ ಕೇಳಿದ ಹಾಗೆ.

ಹರಿಹರದ ಪಕ್ಕದ ಗುತ್ತೂರಿನಿಂದ ನೇತ್ರಾವತಿ ತನ್ನ ಮೂರು ವರ್ಷದ ಮಗಳು ರಶ್ಮಿತಾಳನ್ನು ಎತ್ತಿಕೊಂಡು ಬರುತ್ತಿದ್ದಳು. ಮಗುವಿನ ಹೃದಯದಲ್ಲಿ ಹುಟ್ಟಿನಿಂದಲೇ ರಂಧ್ರ. ನಾಲ್ಕು ಹೆಜ್ಜೆ ನಡೆದರೆ ಕುಕ್ಕರಗಾಲಲ್ಲಿ ಕೂತುಬಿಡುವಳು. ಅತ್ತರೆ ನೇರಳೆ ಹಣ್ಣು ತಿಂದವಳ ತುಟಿ. ಆಪರೇಷನ್ ಆಗಲೇಬೇಕು ಅಂತ ನಮ್ಮ ಡಾಕ್ಟರು ಶಿವಯೋಗಪ್ಪ ಹೇಳಿದ್ದರು. ಯಾವಾಗ ಅನ್ನುವುದನ್ನು ಬೆಂಗಳೂರಿನವರು ಹೇಳಬೇಕಿತ್ತು. ತುಟಿ, ಉಗುರು ಹೆಚ್ಚು ನೀಲಿಯಿದ್ದ ಮಕ್ಕಳಿಗೆ ಮೊದಲ ಸರದಿ, ಉಳಿದವರು ಕಾಯಬೇಕು. ರಶ್ಮಿತಾಳ ಸರದಿ ಈ ತಿಂಗಳೋ ಮುಂದಿನ ವರ್ಷವೋ ಅನ್ನುವುದು ಆ ಹದಿನೈದು ನಿಮಿಷದಲ್ಲಿ ತೀರ್ಮಾನವಾಗುವುದಿತ್ತು.

ಆ ಸೋಮವಾರ ನನಗೆ ಮಗುವಿನ ಗುರುತೇ ಸಿಗಲಿಲ್ಲ. ನೇತ್ರಾವತಿಯ ಅತ್ತೆ ಉಡಚಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಮೊಮ್ಮಗಳನ್ನು ಸಿಂಗರಿಸಿದ್ದಳಂತೆ. ಮುಖಕ್ಕೆ ಪೌಡರು, ತುಟಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ, ಹತ್ತು ಉಗುರಿಗೂ ಕೆಂಪು ಪಾಲಿಶ್. ಕರಿ ತುಟಿಯ ಹುಡುಗಿ ಅಂತ ಓಣಿಯವರು ಆಡಿಕೊಳ್ಳುತ್ತಾರೆಂದು ಮದುವೆ ಮುಂಜಿಗೆ ಹೊರಟಾಗಲೆಲ್ಲ ಮುದುಕಿ ಹೀಗೆ ಮಾಡುತ್ತಿದ್ದಳು. ಈಗಂತೂ ಟಿವಿಯಲ್ಲಿ ಬರುವ ಮಾತು. ಅಷ್ಟು ದೊಡ್ಡ ಡಾಕ್ಟರ ಎದುರು ಮಗು ಬಿಕನಾಸಿಯಂತೆ ಕಾಣಬಾರದಲ್ಲ.

ಹತ್ತಿ, ಸ್ಪಿರಿಟ್ ಹಿಡಿದು ಒರೆಸಲು ಹೋದೆ. ಅದು ಯಾವ ನರ್ಸಾದರೂ ಮಾಡುವ ಮೊದಲ ಕೆಲಸ. ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ಉಜ್ಜನಪ್ಪ ಅಡ್ಡ ಬಂದರು. ದಾವಣಗೆರೆಯ ಪಕ್ಕದ ಕರೂರಿನಲ್ಲಿ ಅವರದೊಂದು ಫ್ಯಾಕ್ಟರಿ. ಆಸ್ಪತ್ರೆಯನ್ನೂ ಅದರ ಹಾಗೇ ನಡೆಸುತ್ತಿದ್ದರು. ಅವತ್ತು ಯಂತ್ರ ದಾನ ಕೊಟ್ಟವರು ಫೋಟೋದವನನ್ನು ಕರೆದುಕೊಂಡು ಬಂದಿದ್ದರು.

"ಬ್ಯಾಡ ಬಿಡ್ರಿ ಸಿಸ್ಟರ್, ಮುಟ್ಟಿದ್ರೆ ಅಳ್ತಾಳ. ಚೆಂದ ಕಾಣ್ತಾಳ, ಹಂಗೇ ಇರ್ಲಿ" ಅಂದರು.

ಅಳಬೇಕಿತ್ತು. ಆ ಮಗು ಎರಡು ನಿಮಿಷ ಅತ್ತಿದ್ದರೆ ಯಾವ ಪೌಡರೂ ಅದರ ಬಣ್ಣವನ್ನು ಮುಚ್ಚುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹತ್ತಿಯನ್ನು ಟ್ರೇನಲ್ಲಿಟ್ಟು, ಅಳದಿರಲಿ ಅಂತ ಕೈಗೊಂದು ಬಿಸ್ಕತ್ತು ಕೊಟ್ಟೆ.

ಲೈನು ಎರಡು ಸಲ ಕಡಿಯಿತು. ಮೂರನೇ ಸಲ ಸಿಕ್ಕಾಗ ಉಳಿದದ್ದು ಆರೇ ನಿಮಿಷ. ಬೆಂಗಳೂರಿನವರು ಮಗುವನ್ನು ನೋಡಿದರು, ಉಗುರು ತೋರಿಸಿ ಅಂದರು, ನೋಡಿದರು. ನಿಮ್ಮ ಪತ್ರದಲ್ಲಿ ನೀಲಿ ಅಂತ ಬರೆದಿದ್ದೀರಿ, ನನಗೇನೂ ಕಾಣಿಸುತ್ತಿಲ್ಲವಲ್ಲ ಅಂತ ಕೇಳಿದರು. ಶಿವಯೋಗಪ್ಪನವರು ಕತ್ತೆತ್ತಿ ನೋಡಿದ್ದು ಮಗುವನ್ನಲ್ಲ, ಟಿವಿಯನ್ನು. ಅದರ ಮೂಲೆಯಲ್ಲಿ ನಮ್ಮ ಕೋಣೆಯ ಚಿತ್ರವೂ ಬರುತ್ತಿತ್ತು, ಅಲ್ಲಿ ರಶ್ಮಿತಾ ಗುಲಾಬಿ ಗೊಂಬೆಯಂತೆ ಕೂತಿದ್ದಳು. ಇವತ್ತು ಪರವಾಗಿಲ್ಲ ಸರ್ ಅಂದರು. ಆ ಮಗುವನ್ನು ಹತ್ತು ಸಲ ಕೈಯಿಂದ ಮುಟ್ಟಿ ನೋಡಿದ ಮನುಷ್ಯ! ನಾನು ಮೂರಡಿ ದೂರದಲ್ಲಿ ನಿಂತು, ಯಾರಾದರೂ ಹೇಳಲಿ ಅಂತ ಕಾದೆ.

ತುರ್ತಿಲ್ಲ, ಆರು ತಿಂಗಳು ಬಿಟ್ಟು ತೋರಿಸಿ ಅಂದರು ಬೆಂಗಳೂರಿನವರು. ಉಡಚಮ್ಮ ಟಿವಿಗೆ ಕೈಮುಗಿದಳು. ದಾನಿಗಳು ಚಪ್ಪಾಳೆ ತಟ್ಟಿದರು. ಎರಡೂ ಫಾರಮ್ಮಿನಲ್ಲಿ 'ತುಂಬಾ ತೃಪ್ತಿ'ಗೆ ಟಿಕ್ ಬಿತ್ತು. ಮನೆಯವರದಕ್ಕೆ ಅವರು ಹೇಳಿದಂತೆ ನಾನೇ ಹಾಕಿದೆ.

ಆರು ತಿಂಗಳಾದರೂ ಅವರು ಬರಲಿಲ್ಲ. ಮರುಭೇಟಿಯ ಹೊತ್ತಿಗೆ ಮನೆಯವರು ತುಂಬಬೇಕಾದ ಎರಡನೇ ಫಾರಂ ಬಾಕಿಯಿದೆ, ಹೋಗಿ ತುಂಬಿಸಿಕೊಂಡು ಬನ್ನಿ ಅಂತ ಟ್ರಸ್ಟಿನವರು ನನ್ನನ್ನು ಗುತ್ತೂರಿಗೆ ಅಟ್ಟಿದರು. ಮಗು ಹೋಗಿ ತಿಂಗಳಾಗಿತ್ತು. ಒಂದು ಬೆಳಿಗ್ಗೆ ನೀರು ಹಾಕುವಾಗ ಅತ್ತು ಅತ್ತು ಕಪ್ಪಿಟ್ಟಳಂತೆ. ಅವಳಪ್ಪ ಹನುಮೇಶ್ ಪಾಳಿ ಬಿಟ್ಟು ಓಡಿಬಂದು ಆಟೋ ಹತ್ತಿಸಿದ್ದಾನೆ. ಹರಿಹರ ದಾಟುವ ಮೊದಲೇ ಉಸಿರು ನಿಂತಿತು.

ಫಾರಂ ಚೀಲದಿಂದ ತೆಗೆಯಲು ನನಗೆ ನಾಚಿಕೆಯಾಯಿತು. ಉಡಚಮ್ಮನೇ ಕೇಳಿ ತೆಗೆಸಿದಳು. ಅಷ್ಟು ದೊಡ್ಡ ಡಾಕ್ಟ್ರು ಬೆಂಗಳೂರಿಂದ ನೋಡಿದರು, ನಿಮ್ಮದೇನೂ ತಪ್ಪಿಲ್ಲ, ಅವಳ ಹಣೆಬರಹ ಅಷ್ಟೇ ಇತ್ತು, ಚೆನ್ನಾಗಿತ್ತು ಅಂತಲೇ ಬರೆದುಕೊಳ್ಳಿ ಅಂದಳು. ನನಗೆ ಚಹಾ ಕೊಡಿಸಿದಳು. ಆ ಚಹಾ ಕುಡಿದು, ಫಾರಂ ಹಾಗೇ ಮಡಚಿಕೊಂಡು ಎದ್ದೆ.

ಬಸ್ಸಿನ ರಸ್ತೆಯವರೆಗೂ ನೇತ್ರಾವತಿ ಬಂದಳು.

"ನೀವು ಅವತ್ತು ಒರೆಸಾಕ ಬಂದಿದ್ರಿ. ಯಾಕ ಬಂದಿದ್ರಿ ಅಂತ ಈ ತಿಂಗಳೆಲ್ಲಾ ಯೋಚ್ನೆ ಮಾಡಿ ತಿಳ್ಕಂಡೆ" ಅಂದಳು. "ನಂಗೆ ತೃಪ್ತಿ ಇಲ್ಲ ಅಂತ ಬರೀರಿ. ಯಾಕ ಅಂತ ಬರೀಬ್ಯಾಡ್ರಿ. ನಮ್ಮತ್ತೆಗೆ ಗೊತ್ತಾದ್ರೆ ಬದುಕಾಕಿಲ್ಲ."

ಕಾರಣ ಬರೆಯುವುದಿಲ್ಲ ಅಂತ ಮಾತು ಕೊಟ್ಟು, ಅಲ್ಲೇ ನಿಂತು ಅವಳ ಕಣ್ಣೆದುರಿಗೇ 'ಅತೃಪ್ತಿ'ಗೆ ಟಿಕ್ ಹಾಕಿದೆ. ಅವಳು ಅದನ್ನೊಮ್ಮೆ ನೋಡಿ ಹಿಂತಿರುಗಿ ಹೋದಳು.

ಮಾರನೆಯ ದಿನ ಉಜ್ಜನಪ್ಪ ಆ ಫಾರಮ್ಮನ್ನು ತಿರುವಿ ಮುರುವಿ ನೋಡಿದರು. ಶಿವಯೋಗಪ್ಪನವರೂ ಅಲ್ಲೇ ಕೂತಿದ್ದರು. ಅತೃಪ್ತಿ ಅಂದರೆ ಕೆಳಗೆ ಕಾರಣ ಬರೆಯಬೇಕು, ಬರೆಯದಿದ್ದರೆ ವರದಿಯಲ್ಲಿ ಲೆಕ್ಕಕ್ಕಿಲ್ಲ ಅಂದರು ಉಜ್ಜನಪ್ಪ.

"ನಿಮಗೇನಾರ ಹೇಳಿದ್ರಾ ಸಿಸ್ಟರ್?"

ಉಡಚಮ್ಮನ ಮನೆಗೂ ಆ ಕೋಣೆಗೂ ನಡುವೆ ಹರಿಹರ ಊರಿಗೆ ಊರೇ ಇತ್ತು. ಅಲ್ಲಿ ಹೇಳಿದ ಮಾತು ಮುದುಕಿಯ ಕಿವಿಗೆ ಬೀಳುತ್ತಿರಲಿಲ್ಲ. ಬಿದ್ದರೆ ಆ ಇಬ್ಬರ ಕಿವಿಗಷ್ಟೇ ಬೀಳುತ್ತಿತ್ತು, ಆಗ ಮುಂದಿನ ಸೋಮವಾರದ ಮಗುವಿನ ಮುಖವನ್ನಾದರೂ ಒರೆಸುತ್ತಿದ್ದರು. ನಾನು ನೇತ್ರಾವತಿಗೆ ಕೊಟ್ಟ ಮಾತನ್ನು ನೆನಪಿಸಿಕೊಂಡೆ. ಅದು ಅವಳಿಗಿಂತ ನನಗೇ ಹೆಚ್ಚು ಅನುಕೂಲವಾಗಿತ್ತು.

"ಇಲ್ರೀ, ಏನೂ ಹೇಳ್ಲಿಲ್ಲ" ಅಂದೆ.

ಉಜ್ಜನಪ್ಪ ಫಾರಂ ಹರಿದು ಬುಟ್ಟಿಗೆ ಹಾಕಿದರು.