ಒಂಬತ್ತರ ಮಗ್ಗಿಯ ರೇಡಿಯೋ

ವಸಂತಲಕ್ಷ್ಮಿಯ ರೇಡಿಯೋಗೆ ಬರುತ್ತಿದ್ದದ್ದು ಒಂಬತ್ತರ ಮಗ್ಗಿ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು. ಮೀಡಿಯಂ ವೇವ್‌ಗೆ ಹಾಕಿ ಗುಂಡಿ ಒತ್ತಿದರೆ ಒಂದೊಂದು ಹೆಜ್ಜೆಗೆ ಒಂಬತ್ತು ಕಿಲೋಹರ್ಟ್ಸ್ ದಾಟುತ್ತಿತ್ತು. ಭಾರತದ ನಿಲಯಗಳು ನಿಂತಿರುವುದೇ ಆ ಅಂತರದಲ್ಲಿ. ಅಮೆರಿಕದವು ಹತ್ತರ ಮಗ್ಗಿಯವು. ಹಾಗಾಗಿ ಸಿಯಾಟಲ್‌ನಲ್ಲಿ ಒಂದು ಸಾವಿರದಲ್ಲಿರುವ ನಿಲಯ ಇದರಲ್ಲಿ 999ಕ್ಕೆ ಸಿಗುತ್ತಿತ್ತು. ಕೆಲವು ನಿಲಯಗಳಂತೂ ಎರಡು ಹೆಜ್ಜೆಗಳ ನಡುವೆ ಬಿದ್ದು ಗೊರಗೊರ ಅನ್ನುತ್ತಿದ್ದವು. ಗಂಡ ಚಕ್ರಪಾಣಿ ಅದಕ್ಕೆ ‘ಒಂದು ಕಮ್ಮಿ’ ಎಂದೇ ಹೆಸರಿಟ್ಟಿದ್ದ.

2017ರ ಜನವರಿ ಮೂವತ್ತೊಂದರ ಬೆಳಗ್ಗೆ ಏಳು ಗಂಟೆಗೆ ಆ ರೇಡಿಯೋ ಸಿಯಾಟಲ್ ಆಚೆಯ ಡುವಾಲ್‌ನಲ್ಲಿ, ನದಿಯ ಪಕ್ಕ ನಿಲ್ಲಿಸಿದ ಅವರ ಕಾರಿನ ಬಾನೆಟ್ ಮೇಲೆ ಕೂತಿತ್ತು. ಟೋಟೆಮ್ ಲೇಕ್‌ನ ಅವರ ಅಪಾರ್ಟ್‌ಮೆಂಟಿನಲ್ಲಿ ಚಾರ್ಜರುಗಳ, ಎಲ್‌ಇಡಿ ದೀಪಗಳ ಗುಂಯ್‌ಗುಡುವಿಕೆಯಲ್ಲಿ ದೂರದ ದನಿ ಯಾವುದೂ ಉಳಿಯುತ್ತಿರಲಿಲ್ಲ. ಇಲ್ಲಿ ಸುತ್ತ ಹೊಲ, ಮಂಜು. ಚಕ್ರಪಾಣಿ ಮೂವತ್ತು ಮೀಟರ್ ತಂತಿಯನ್ನು ಬೇಲಿಯ ಕಂಬಗಳ ಮೇಲೆ ಎಳೆದು ಬಂದು ಕೈ ಉಜ್ಜಿಕೊಂಡ.

“ಒಂಬತ್ತೂವರೆಗೆ ನಂಗೆ ಮೀಟಿಂಗ್ ಇದೆ ಕಣೇ. ನಿನ್ನ ಆಸ್ಟ್ರೇಲಿಯಾದವ್ರು ಬೇಗ ಬರ್ತಾರೆ ತಾನೆ?”

“ಬರ್ತಾರೆ ರೀ. ಬೆಳಗ್ಗೆ ಹೊತ್ತು 9580ರಲ್ಲಿ ಇದ್ದೇ ಇರ್ತಾರೆ. ಇವತ್ತು ಕೊನೇ ದಿನ.”

ರೇಡಿಯೋ ಆಸ್ಟ್ರೇಲಿಯಾ ತನ್ನ ಶಾರ್ಟ್‌ವೇವ್ ಪ್ರಸಾರವನ್ನು ಜನವರಿ ಮೂವತ್ತೊಂದಕ್ಕೆ ನಿಲ್ಲಿಸುತ್ತದೆಂದು ಅವಳು ಡಿಸೆಂಬರಿನಲ್ಲೇ ಓದಿದ್ದಳು. ಆ ಕೊನೆಯ ದಿನದ ಪ್ರಸಾರ ಕೇಳಿ, ಯಾವ ಹೊತ್ತಿಗೆ, ಎಷ್ಟು ಸ್ಪಷ್ಟವಾಗಿ ಕೇಳಿತೆಂಬ ವರದಿ ಬರೆದು, ಅದರ ಕೊನೆಗೆ ಮೂವತ್ತೆಂಟು ವರ್ಷದಿಂದ ಹೇಳದೆ ಉಳಿದ ಒಂದು ಥ್ಯಾಂಕ್ಸ್ ಹೇಳಬೇಕೆಂದಿದ್ದಳು.

ರೇಡಿಯೋದ ಪಕ್ಕದಲ್ಲಿದ್ದ ಫೈಲಿನಲ್ಲಿ ಆ ಥ್ಯಾಂಕ್ಸಿಗೆ ಕಾರಣವಾದ ಕಾರ್ಡು ಇತ್ತು. ಮೈಸೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ, 1978ರಲ್ಲಿ, ರೇಡಿಯೋ ಆಸ್ಟ್ರೇಲಿಯಾ ಕೇಳಿ ಅವಳು ಮೊದಲ ವರದಿ ಬರೆದಿದ್ದಳು. ಸಂಜೆ ಏಳನ್ನು ಗ್ರೀನಿಚ್ ಸಮಯಕ್ಕೆ ತಿರುಗಿಸುವಾಗ ಐದೂವರೆ ಗಂಟೆ ಕಳೆಯುವ ಬದಲು ಕೂಡಿ, ತಾರೀಖು ಬದಲಿಸದೆ 00:30 ಎಂದು ಬರೆದುಬಿಟ್ಟಿದ್ದಳು. ಅಂಥ ವರದಿಯನ್ನು ಕಸದ ಬುಟ್ಟಿಗೆ ಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಎರಡು ತಿಂಗಳ ಮೇಲೆ, ವರದಿ ಒಪ್ಪಿದಾಗ ನಿಲಯ ಕಳಿಸುವ ಕಾರ್ಡು ಬಂತು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಹೀಗೆ ಬರೆದಿತ್ತು: ‘ನಾವು ಮಾತಾಡುವುದಕ್ಕೆ ಹದಿಮೂರು ಗಂಟೆ ಮೊದಲೇ ನಮ್ಮನ್ನು ಕೇಳಿದ ಮೊದಲ ಶ್ರೋತೃ ನೀವು. ಗ್ರೀನಿಚ್‌ಗೆ ಪೂರ್ವದಲ್ಲಿರುವವರು ಕಳೆಯಬೇಕು, ಪಶ್ಚಿಮದಲ್ಲಿರುವವರು ಕೂಡಬೇಕು. ಉಳಿದೆಲ್ಲ ಸರಿಯಾಗಿದೆ, ಬರೆಯುವುದನ್ನು ನಿಲ್ಲಿಸಬೇಡಿ.’ ಕೆಳಗೆ ‘ಎಂ.’ ಎಂದಷ್ಟೇ ಸಹಿ.

ಕಾರ್ಡಿನ ಜೊತೆ ಒಂದು ಟೈಪ್ ಮಾಡಿದ ಹಾಳೆಯೂ ಇತ್ತು. ಆ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಮೀಡಿಯಂ ವೇವ್ ನಿಲಯಗಳೆಲ್ಲ ಹತ್ತರ ಅಂತರ ಬಿಟ್ಟು ಒಂಬತ್ತಕ್ಕೆ ಸರಿದಿದ್ದವು. ಇದ್ದ ಜಾಗದಲ್ಲೇ ಇನ್ನಷ್ಟು ನಿಲಯ ಹಿಡಿಸಲಿ ಎಂದು. ಹಾಳೆಯಲ್ಲಿ ಹಳೆಯ ಸಂಖ್ಯೆಗಳಿಗೆ ಅಡ್ಡಗೆರೆ, ಪಕ್ಕದಲ್ಲಿ ಹೊಸವು. ತನಗೆ ಎಂದೂ ಕೇಳಿಸದ ಊರುಗಳ ಆ ಪಟ್ಟಿಯನ್ನು ಅವಳು ಬಾಯಿಪಾಠ ಮಾಡಿದ್ದಳು. ಅಳೆದದ್ದನ್ನು ಬರೆದಿಡುವ, ಬರೆದದ್ದನ್ನು ಇನ್ನೊಮ್ಮೆ ನೋಡುವ ಅಭ್ಯಾಸ ಅಂಟಿದ್ದು ಆಗಲೇ. ರೆಡ್ಮಂಡಿನ ಲ್ಯಾಬಿನಲ್ಲಿ ಈಗಲೂ ಅದೇ ಅವಳ ಅನ್ನ.

ಅವಳು ಒಂಬತ್ತರ ಕಟ್ಟುಪಾಡಿಲ್ಲದ ಶಾರ್ಟ್‌ವೇವ್‌ಗೆ ಹಾಕಿ 9580 ಒತ್ತಿದಳು. ಸೊಯ್ ಎನ್ನುವ ಸದ್ದು. ತಂತಿ ಅಲುಗಾಡಿಸಿದಳು. ಏಳೂಕಾಲಾಯಿತು. ಸೊಯ್.

“ಕೊನೇ ದಿನ ಅಂತ ಲೇಟಾಗಿ ಎದ್ದಿರ್ಬೇಕು,” ಎಂದ ಚಕ್ರಪಾಣಿ, ಫ್ಲಾಸ್ಕಿನ ಕಾಫಿ ಸುರಿಯುತ್ತ. ಆಮೇಲೆ ಅವನೇ ಕೇಳಿದ, “ಅಲ್ಲ ವಸಂತಾ, ಮೂವತ್ತೊಂದು ಅಂದ್ರೆ ಯಾರ ಮೂವತ್ತೊಂದು?”

ಅವಳ ಕೈ ಗುಂಡಿಯ ಮೇಲೆ ನಿಂತಿತು. ಗಂಟೆಗಳನ್ನೆಲ್ಲ ಅವಳು ಲೆಕ್ಕ ಹಾಕಿದ್ದಳು; ತಾರೀಖನ್ನು ಮಾತ್ರ ಪತ್ರಿಕೆಯಲ್ಲಿದ್ದ ಹಾಗೇ ತೆಗೆದುಕೊಂಡಿದ್ದಳು. ಫೋನಿನಲ್ಲಿ ಹುಡುಕಿದಳು. ಪ್ರಸಾರ ನಿಂತದ್ದು ನಿಲಯವಿರುವ ಮೆಲ್ಬರ್ನ್‌ನ ಮೂವತ್ತೊಂದರ ಮಧ್ಯಾಹ್ನ ಹನ್ನೆರಡಕ್ಕೆ. ಅಂದರೆ ಇಲ್ಲಿ ಮೂವತ್ತರ ಸಂಜೆ ಐದು.

“ನಿನ್ನೆ ಸಂಜೇನೇ ಮುಗೀತು ರೀ,” ಎಂದಳು. “ನಾನು ಕಾಸ್ಟ್‌ಕೋದಲ್ಲಿ ಬಿಲ್ಲಿಗೆ ನಿಂತಿದ್ದೆ.”

ಚಕ್ರಪಾಣಿ ನಗಲಿಲ್ಲ. ಕಾಫಿಯ ಲೋಟ ಅವಳ ಕೈಗಿತ್ತು ಪಕ್ಕದಲ್ಲಿ ಒರಗಿ ನಿಂತ. “ಆಗ ಹದಿಮೂರು ಗಂಟೆ ಮುಂಚೆ, ಈಗ ಹದಿನಾಲ್ಕು ಗಂಟೆ ಲೇಟು. ಒಂದ್ರಲ್ಲಿ ಇನ್ನೊಂದು ಕಳೆದ್ರೆ ಒಂದೇ ಗಂಟೆ ತಪ್ಪು ಕಣೇ. ನಲವತ್ತು ವರ್ಷಕ್ಕೆ ಒಂದು ಗಂಟೆ ಏನು ಮಹಾ?” ಎಂದ.

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಫೈಲು ಮುಚ್ಚಲು ಹೋದಾಗ ಟೈಪ್ ಮಾಡಿದ ಆ ಹಾಳೆ ಕಂಡಿತು. ಬ್ರಿಸ್ಬೇನ್, 612.

“ರೀ, ಶಾರ್ಟ್‌ವೇವ್ ತಾನೆ ನಿಂತಿದ್ದು? ಊರಿನ ನಿಲಯಗಳು ಇದಾವಲ್ಲ. ಇಲ್ಲಿ ಬೆಳಕು ಹರಿಯೋ ಹೊತ್ತು, ಅಲ್ಲಿ ಇನ್ನೂ ಕತ್ತಲೆ. ಮೀಡಿಯಂ ವೇವ್ ಸಮುದ್ರ ದಾಟೋದು ಇಂಥಾ ಹೊತ್ನಲ್ಲೇ.”

“ನಿನ್ನ ‘ಒಂದು ಕಮ್ಮಿ’ಗೆ ಅಷ್ಟು ತಾಕತ್ತಿದ್ಯಾ?”

“ಅದಕ್ಕೇ ಇರೋದು. ಆರುನೂರ ಹನ್ನೆರಡು ಒಂಬತ್ತರ ಮಗ್ಗಿಯಲ್ಲಿ ಬರತ್ತೆ. ನಿಮ್ಮ ಕಾರಿನ ರೇಡಿಯೋ 610ರಿಂದ 620ಕ್ಕೆ ಹಾರತ್ತೆ, ಮಧ್ಯ ನಿಲ್ಲೋಕೆ ಅದಕ್ಕೆ ಗೊತ್ತಿಲ್ಲ.”

ಮೀಡಿಯಂ ವೇವ್‌ಗೆ ಹೊರಳಿ, ಒಂಬತ್ತೊಂಬತ್ತಾಗಿ ಇಳಿದು ರೇಡಿಯೋ 612ಕ್ಕೆ ಬಂದು ನಿಂತಿತು. ಪಕ್ಕದ ನಿಲಯದ ಗದ್ದಲ. ಅವಳು ರೇಡಿಯೋವನ್ನು ಬೆರಳಗಲದಷ್ಟು ತಿರುಗಿಸಿದಳು, ಇನ್ನಷ್ಟು ತಿರುಗಿಸಿದಳು. ಗುಡ್ಡದ ಹಿಂದೆ ಆಕಾಶ ಬೂದಿಯಿಂದ ಬಿಳಿಗೆ ತಿರುಗುತ್ತಿತ್ತು. ಏಳು ಮೂವತ್ತೆಂಟಕ್ಕೆ ಗದ್ದಲದ ಕೆಳಗಿನಿಂದ ಒಂದು ದನಿ ಎದ್ದುಬಂತು: ಯಾರೋ ಮುದುಕ, ಫೋನಿನಲ್ಲಿ, ತನ್ನ ಹಿತ್ತಲಿನ ಮಾವಿನಮರಕ್ಕೆ ಬರುವ ಬಾವಲಿಗಳ ಮೇಲೆ ದೂರು ಹೇಳುತ್ತಿದ್ದ. ನಡೆಸಿಕೊಡುತ್ತಿದ್ದ ಹೆಂಗಸು ನಕ್ಕು, ಕ್ವೀನ್ಸ್‌ಲ್ಯಾಂಡಿನಲ್ಲಿ ಈಗ ಎರಡಕ್ಕೆ ಇಪ್ಪತ್ತು ನಿಮಿಷ ಎಂದಳು. ಮೂರು ನಿಮಿಷ ಇದ್ದು ದನಿ ಮುಳುಗಿತು.

“ಮಾವಿನಮರ ಅಂದ್ನಲ್ವಾ?” ಚಕ್ರಪಾಣಿ ಪಿಸುಗುಟ್ಟಿದ, ದನಿ ಹೋದಮೇಲೂ.

“ಅಂದ್ರು.” ಅವಳು ಆಗಲೇ ಬರೆಯುತ್ತಿದ್ದಳು. ಬಾವಲಿ, ಮಾವು, ಹೆಂಗಸಿನ ನಗು, ನಿಮಿಷ ಸಹಿತ. ವರದಿಯ ಕೆಳಗೆ ಬ್ರಿಸ್ಬೇನಿನವರಿಗೆ ಒಂದು ಕೋರಿಕೆ ಸೇರಿಸಿದಳು. ‘1978ರಲ್ಲಿ ನಿಮ್ಮದೇ ಸಂಸ್ಥೆಯ ರೇಡಿಯೋ ಆಸ್ಟ್ರೇಲಿಯಾದಲ್ಲಿ ಎಂ. ಎಂದು ಸಹಿ ಹಾಕುತ್ತಿದ್ದವರನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ತಪ್ಪು ಲೆಕ್ಕದ ಹುಡುಗಿಯನ್ನು ಅವರು ನಕ್ಕು ತಿದ್ದಿದರು. ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. ಥ್ಯಾಂಕ್ಸ್ ಹೇಳುವುದು ಮಾತ್ರ ತಡವಾಯಿತು.’

“ಟೈಮು?” ಎಂದ ಚಕ್ರಪಾಣಿ, ಭುಜದ ಮೇಲಿಂದ ಇಣುಕಿ. “ಕೂಡಿದ್ಯೋ, ಕಳೆದ್ಯೋ?”

“ಪಶ್ಚಿಮದವರು ಕೂಡ್ಬೇಕು. ಏಳು ಮೂವತ್ತೆಂಟಕ್ಕೆ ಎಂಟು. ಹದಿನೈದು ಮೂವತ್ತೆಂಟು.”

“ತಾರೀಖು?”

ವಸಂತಲಕ್ಷ್ಮಿ ಪೆನ್ನು ಎತ್ತಿ ಹಿಡಿದು ಬೆರಳು ಮಡಿಸಿ ಎಣಿಸಿದಳು. ಇಲ್ಲೂ ಗ್ರೀನಿಚ್‌ನಲ್ಲೂ ಮೂವತ್ತೊಂದು. ಬ್ರಿಸ್ಬೇನಿನಲ್ಲಿ ಆಗಲೇ ಫೆಬ್ರವರಿ ಒಂದು. ಮೂರೂ ಊರಿನ ತಾರೀಖು ಬರೆದು, ಒಂದೊಂದರ ಕೆಳಗೂ ಗೆರೆ ಎಳೆದಳು.